ಖಾಸಗಿ ಮಧ್ಯಸ್ಥಿಕೆಗೆ ಸರ್ಕಾರದ ಖರ್ಚಿನಲ್ಲಿ ವಕೀಲರ ಸಹಾಯ ಸಿಗುತ್ತಾ?

ಪ್ರಶ್ನೆ: ಅಪ್ಪನ ಜಮೀನಿನ ಪಾಲಿಗೆ ನನಗೂ ಅಣ್ಣನಿಗೂ ತಕರಾರು. ಕೋರ್ಟು ಬೇಡ, ಖಾಸಗಿ ಮಧ್ಯಸ್ಥರ ಮುಂದೆ ಕೂತು ಬಗೆಹರಿಸಿಕೊಳ್ಳೋಣ ಅಂತಾನೆ. ವಕೀಲರಿಗೆ ಕೊಡಲು ನನ್ನ ಹತ್ತಿರ ದುಡ್ಡಿಲ್ಲ. ಸರ್ಕಾರದ ಸಹಾಯ ಸಿಗುತ್ತಾ?

ಉತ್ತರ: ಸಿಗುತ್ತದೆ, ಎಲ್ಲದಕ್ಕೂ ಅಲ್ಲ. ನೀವೇ ಗೊತ್ತು ಮಾಡಿಕೊಂಡ ಮಧ್ಯಸ್ಥರ ಫೀಸು ನಿಮ್ಮಿಬ್ಬರದೇ ಖರ್ಚು. ಆ ಮಾತುಕತೆಯಲ್ಲಿ ನಿಮ್ಮ ಪಕ್ಕ ಕೂರಲು ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಹಕ್ಕಿನಿಂದ ಕೇಳುವುದೂ ಕಷ್ಟ. ಯಾಕೆಂದರೆ ಅದು ಕೋರ್ಟೂ ಅಲ್ಲ, ಟ್ರಿಬ್ಯೂನಲ್ಲೂ ಅಲ್ಲ.

ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಸಿಗುವ ಉಚಿತ ನೆರವಿನಲ್ಲಿ ಕೇಸು ನಡೆಸುವುದರ ಜೊತೆಗೆ ಕಾನೂನು ಸಲಹೆಯೂ ಸೇರಿದೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಅಷ್ಟೇ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಪಹಣಿ, ವಂಶವೃಕ್ಷ, ಆಧಾರ್ ಪ್ರತಿ ಜೊತೆಗಿರಲಿ.

ಸಲಹೆ ಎರಡು ಸಲ ಬೇಕು. ಮಾತುಕತೆಗೆ ಕೂರುವ ಮೊದಲು ಒಮ್ಮೆ, ನಿಮ್ಮ ಪಾಲು ಎಷ್ಟು ಅಂತ ತಿಳಿಯಲು. ಜಮೀನು ಪಿತ್ರಾರ್ಜಿತವಾಗಿದ್ದು ನಿಮಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸಿದರೆ, 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು. ಇನ್ನೊಮ್ಮೆ ಸಹಿ ಹಾಕುವ ಮೊದಲು. ನನಗೆ ನಿಜವಾದ ಆತಂಕ ಇರುವುದು ಇಲ್ಲೇ. ರಾಜಿ ಪತ್ರದ ಜೊತೆ ಹಕ್ಕು ಖುಲಾಸೆ ಪತ್ರವನ್ನೂ ಮುಂದಿಟ್ಟು, "ಸುಮ್ನೆ ಫಾರ್ಮಾಲಿಟಿ, ಸಹಿ ಹಾಕಮ್ಮ" ಅನ್ನುತ್ತಾರೆ. ಅದು ನೋಂದಣಿಯಾದರೆ ಪಾಲು ಹೋದ ಹಾಗೆಯೇ. ದುಡ್ಡು ಯಾವಾಗ, ಹೇಗೆ ಕೊಡುತ್ತಾರೆ ಅನ್ನುವುದು ಪತ್ರದಲ್ಲೇ ಇರಬೇಕು. ಕರಡು ಪ್ರತಿ ಕೇಳಿ, ಮನೆಗೆ ತನ್ನಿ, ಸಮಿತಿಯ ವಕೀಲರಿಗೆ ಓದಿಸಿ. ಅದಕ್ಕೆ ಪೈಸೆ ಖರ್ಚಿಲ್ಲ.

ಇನ್ನೊಂದು ದಾರಿಯೂ ಇದೆ, ನಾನಾದರೆ ಮೊದಲು ಅದನ್ನೇ ನೋಡುತ್ತೇನೆ. ಖಾಸಗಿಯವರ ಬದಲು ಕಾನೂನು ಸೇವೆಗಳ ಪ್ರಾಧಿಕಾರದ ಮುಂದೆಯೇ ಕೂರೋಣ ಅಂತ ಅಣ್ಣನನ್ನು ಕೇಳಿ. ಕೇಸು ಹಾಕದೆಯೇ ಅರ್ಜಿ ಕೊಟ್ಟರೆ ವ್ಯಾಜ್ಯವನ್ನು ಲೋಕ ಅದಾಲತ್‌ಗೆ ತೆಗೆದುಕೊಳ್ಳಬಹುದು. ಫೀಸಿಲ್ಲ. ಅಲ್ಲಿನ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅಣ್ಣ ಆಮೇಲೆ ಮಾತು ತಪ್ಪಿದರೆ ಜಾರಿ ಮಾಡಿಸಬಹುದು. ಅದರ ಮೇಲೆ ಅಪೀಲು ಇಲ್ಲ, ಹಾಗಾಗಿ ಅಲ್ಲೂ ಓದಿಯೇ ಸಹಿ ಹಾಕಿ.

ಅಣ್ಣ ಯಾವುದಕ್ಕೂ ಒಪ್ಪದಿದ್ದರೆ ಪಾಲಿನ ದಾವೆ ಹಾಕಲೂ ಇದೇ ಸಮಿತಿ ವಕೀಲರನ್ನು ಕೊಡುತ್ತದೆ.