76 ಅಂಕ ಇಬ್ಬರಿಗೂ ಇತ್ತು, ಹಾಗಾದರೆ ಬಾರ್ಸಿಲೋನಾ ಚಾಂಪಿಯನ್ ಆಗಲಿಲ್ಲವೇಕೆ?

ಓದುಗರ ಪ್ರಶ್ನೆ: ಸ್ಪೇನ್‌ನ ಅಗ್ರ ಫುಟ್‌ಬಾಲ್ ಲೀಗ್ ಆದ ಲಾ ಲಿಗಾದಲ್ಲಿ 2006–07ರಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಸಮ ಅಂಕ ಗಳಿಸಿದ್ದವು. ಗೋಲು ವ್ಯತ್ಯಾಸದಲ್ಲಿ (ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟವನ್ನು ಕಳೆದ ಲೆಕ್ಕದಲ್ಲಿ) ಬಾರ್ಸಿಲೋನಾ ಬಹಳ ಮುಂದಿತ್ತು. ಆದರೂ ಪ್ರಶಸ್ತಿ ಮ್ಯಾಡ್ರಿಡ್ ಪಾಲಾದದ್ದು ಯಾವ ನ್ಯಾಯ?

ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಎಲ್ ಕ್ಲಾಸಿಕೊ, ಅಂದರೆ ಈ ಎರಡು ತಂಡಗಳ ಪಂದ್ಯ, ಹತ್ತಿರ ಬಂದಾಗಲೆಲ್ಲ ಯಾರಾದರೊಬ್ಬರು ಆ ಹಳೆಯ ಪಟ್ಟಿಯನ್ನು ಎತ್ತಿಕೊಂಡು ಬರುತ್ತಾರೆ, ಜೊತೆಗೆ ‘ರಾಜಧಾನಿಯ ತಂಡಕ್ಕೆ ಪಕ್ಷಪಾತ’ ಎಂಬ ಮಾತೂ ಬರುತ್ತದೆ. ಪಕ್ಷಪಾತವೇನೂ ನಡೆದಿಲ್ಲ. ಸ್ಪೇನ್‌ನಲ್ಲಿ ಎರಡು ತಂಡಗಳ ಅಂಕ ಸಮವಾದರೆ ಮೊದಲು ನೋಡುವುದು ಅವೆರಡರ ನಡುವಿನ ಪಂದ್ಯಗಳನ್ನು. ಅಲ್ಲಿ ಮ್ಯಾಡ್ರಿಡ್ ಮೇಲಿತ್ತು. ಉತ್ತರ ಇಷ್ಟೇ.

ಇಷ್ಟು ಹೇಳಿದರೂ ಒಪ್ಪದವರಿದ್ದಾರೆ. ಏಕೆಂದರೆ ‘ಅಂಕ ಸಮವಾದರೆ ಗೋಲು ವ್ಯತ್ಯಾಸ ನೋಡಬೇಕು, ಅದು ಫುಟ್‌ಬಾಲ್‌ನ ನಿಯಮ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅಂಥ ನಿಯಮವೇ ಇಲ್ಲ. ಆಫ್‌ಸೈಡ್, ಪೆನಾಲ್ಟಿ ಎಲ್ಲ ದೇಶಕ್ಕೂ ಒಂದೇ. ಆದರೆ ಪಟ್ಟಿಯಲ್ಲಿ ಸಮವಾದವರನ್ನು ಬೇರ್ಪಡಿಸುವುದು ಹೇಗೆ ಎಂಬುದನ್ನು ಆಯಾ ಲೀಗ್ ತಾನೇ ಬರೆದುಕೊಳ್ಳುತ್ತದೆ. ನಾವು ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡಿ ಬೆಳೆದವರು, ಅಲ್ಲಿ ಗೋಲು ವ್ಯತ್ಯಾಸವೇ ಮೊದಲು. ಅದಕ್ಕಿಂತ ಹೆಚ್ಚಾಗಿ ನಾವು ಕ್ರಿಕೆಟ್ ನೋಡಿ ಬೆಳೆದವರು. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿದಾಗ ಎರಡಕ್ಕೂ 14 ಅಂಕ. ಆರ್‌ಸಿಬಿ ಪ್ಲೇ ಆಫ್‌ಗೆ ಹೋದದ್ದು ನೆಟ್ ರನ್ ರೇಟ್‌ನಿಂದ. ಆ ಲೆಕ್ಕ ರೂಢಿಯಾದವರಿಗೆ ಇಡೀ ಋತುವಿನ ಗೋಲುಗಳನ್ನು ಕೂಡಿ ಕಳೆಯುವುದೇ ಸಹಜ ಎನಿಸುತ್ತದೆ. ಸ್ಪೇನ್‌ನವರಿಗೆ ಹಾಗೆ ಎನಿಸಿಲ್ಲ.

ಈಗ ಆ ಎರಡು ಪಂದ್ಯಗಳನ್ನೇ ನೋಡಿ. 2006ರ ಅಕ್ಟೋಬರ್ 22ರಂದು ತನ್ನ ತವರು ಮೈದಾನ ಬೆರ್ನಬೇವುನಲ್ಲಿ ಮ್ಯಾಡ್ರಿಡ್ 2–0ಯಿಂದ ಗೆದ್ದಿತು. ಗೋಲು ಹೊಡೆದವರು ರೌಲ್ ಮತ್ತು ವಾನ್ ನಿಸ್ಟೆಲ್‌ರಾಯ್. 2007ರ ಮಾರ್ಚ್ 10ರಂದು ಬಾರ್ಸಿಲೋನಾದ ತವರು ಮೈದಾನ ಕ್ಯಾಂಪ್ ನೌನಲ್ಲಿ 3–3 ಡ್ರಾ. ಹತ್ತೊಂಬತ್ತು ವರ್ಷದ ಮೆಸ್ಸಿಯ ಹ್ಯಾಟ್ರಿಕ್ ಕಂಡ ಪಂದ್ಯ ಅದು. ಮ್ಯಾಡ್ರಿಡ್ ಮೂರು ಸಲ ಮುನ್ನಡೆ ಪಡೆಯಿತು, ಬಾರ್ಸಿಲೋನಾಗೆ ಮೂರೂ ಸಲ ಸಮ ಮಾಡಿಕೊಟ್ಟವನು ಆ ಹುಡುಗ, ಮೂರನೆಯ ಸಲವಂತೂ ತಂಡ ಹತ್ತೇ ಜನರೊಂದಿಗೆ ಆಡುತ್ತಿದ್ದಾಗ. ಎಲ್ಲರೂ ಆ ರಾತ್ರಿಯನ್ನು ಬಾರ್ಸಿಲೋನಾದ ವಿಜಯದಂತೆ ನೆನೆಯುತ್ತಾರೆ. ಪಟ್ಟಿಯ ದೃಷ್ಟಿಯಿಂದ ಅದು ಮ್ಯಾಡ್ರಿಡ್‌ಗೆ ಬೇಕಾಗಿದ್ದ ಫಲಿತಾಂಶ: ಎರಡು ಪಂದ್ಯಗಳಿಂದ ಮ್ಯಾಡ್ರಿಡ್‌ಗೆ 4 ಅಂಕ, ಬಾರ್ಸಿಲೋನಾಗೆ 1. ಅಂದರೆ ಮಾರ್ಚ್ ತಿಂಗಳಲ್ಲೇ ವಿಷಯ ಇತ್ಯರ್ಥವಾಗಿತ್ತು. ಅಲ್ಲಿಂದ ಮುಂದೆ ಬಾರ್ಸಿಲೋನಾ ಸಮ ಅಂಕ ಗಳಿಸಿದರೆ ಸಾಲದು, ಒಂದಾದರೂ ಹೆಚ್ಚು ಗಳಿಸಬೇಕಿತ್ತು.

ಜೂನ್ 9ರಂದು ಅದು ಕೈಗೆಟುಕಿತ್ತು. 37ನೇ ಸುತ್ತಿನ ಕೊನೆಯ ನಿಮಿಷಗಳಲ್ಲಿ ಬಾರ್ಸಿಲೋನಾ ತವರಿನಲ್ಲಿ ಎಸ್ಪಾನ್ಯೋಲ್ ಎದುರು 2–1ರಿಂದ ಮುಂದಿತ್ತು. ಅತ್ತ ಝರಗೋಝಾದಲ್ಲಿ ಮ್ಯಾಡ್ರಿಡ್ 1–2ರಿಂದ ಹಿಂದಿತ್ತು. ವಾನ್ ನಿಸ್ಟೆಲ್‌ರಾಯ್ ಅಲ್ಲಿ ಸಮ ಮಾಡಿದ, ಒಂದು ನಿಮಿಷ ಕಳೆಯುವ ಮೊದಲೇ ಎಸ್ಪಾನ್ಯೋಲ್‌ನ ರೌಲ್ ತಮುದೋ ಕ್ಯಾಂಪ್ ನೌನಲ್ಲಿ ಗೋಲು ಹೊಡೆದ. ಆ ಕ್ಷಣದವರೆಗೆ ಕಂಡಿದ್ದ ಮೂರು ಅಂಕಗಳ ಅಂತರ ಕರಗಿ ಎರಡೂ 73ಕ್ಕೆ ಬಂದು ನಿಂತವು.

ಕೊನೆಯ ದಿನ, ಜೂನ್ 17ರಂದು, ಬಾರ್ಸಿಲೋನಾ ತಾರಾಗೋನಾದಲ್ಲಿ ಅಲ್ಲಿನ ಜಿಮ್ನಾಸ್ಟಿಕ್ ತಂಡದ ಎದುರು 5–1ರಿಂದ ಗೆದ್ದಿತು. ಗೋಲು ವ್ಯತ್ಯಾಸವನ್ನು ನಂಬಿದವರು ಈ ಗೆಲುವನ್ನೇ ಎತ್ತಿ ತೋರಿಸುತ್ತಾರೆ. ಹದಿನೈದು ಗೋಲು ಹೊಡೆದಿದ್ದರೂ ಪ್ರಯೋಜನವಿರಲಿಲ್ಲ. ಮ್ಯಾಡ್ರಿಡ್ ಎಡವಬೇಕಿತ್ತು. ತವರಿನಲ್ಲಿ ಮಯೋರ್ಕಾ ಎದುರು ಒಂದು ಗೋಲಿನಿಂದ ಹಿಂದಿದ್ದ ಅದು ಎಡವುವಂತೆಯೇ ಕಂಡಿತ್ತು. ಕೊನೆಗೆ ರೆಯೆಸ್‌ನ ಎರಡು, ದಿಯಾರಾನ ಒಂದು ಗೋಲಿನಿಂದ 3–1ರಲ್ಲಿ ಗೆದ್ದಿತು. ಅಂತಿಮ ಪಟ್ಟಿಯಲ್ಲಿ ಇಬ್ಬರಿಗೂ 76. ಗೋಲು ವ್ಯತ್ಯಾಸ ಬಾರ್ಸಿಲೋನಾದ್ದು 45, ಮ್ಯಾಡ್ರಿಡ್‌ನದು 26.

ನನ್ನನ್ನು ಕೇಳಿದರೆ ಸ್ಪೇನ್‌ನ ನಿಯಮವೇ ಮೇಲು. ತಾರಾಗೋನಾದ ಜಿಮ್ನಾಸ್ಟಿಕ್ ಆ ಹೊತ್ತಿಗಾಗಲೇ ಕೆಳಗಿನ ಡಿವಿಷನ್‌ಗೆ ಇಳಿದಾಗಿತ್ತು. ಗೆದ್ದರೂ ಸೋತರೂ ಏನೂ ಬದಲಾಗದ ತಂಡದ ಮೇಲೆ ಸುರಿದ ಗೋಲುಗಳಿಗಿಂತ, ಪ್ರಶಸ್ತಿಗಾಗಿ ಸೆಣಸುತ್ತಿರುವ ಎದುರಾಳಿಯನ್ನೇ ಸೋಲಿಸಿದ್ದಕ್ಕೆ ಬೆಲೆ ಹೆಚ್ಚಿರಬೇಕು. ಇನ್ನು, ಋತುವಿನ ನಡುವೆ ಪಟ್ಟಿ ನೋಡುವವರು ಗಮನಿಸಿ: ಎರಡು ತಂಡಗಳ ನಡುವಿನ ಎರಡೂ ಪಂದ್ಯ ಮುಗಿಯುವವರೆಗೆ ಅಲ್ಲಿಯೂ ಗೋಲು ವ್ಯತ್ಯಾಸದ ಮೇಲೆಯೇ ಸ್ಥಾನ ಕೊಡುತ್ತಾರೆ. ಮುಖಾಮುಖಿಯೂ ಸಮವಾದರೆ ಮತ್ತೆ ಅದಕ್ಕೇ ಮರಳುತ್ತಾರೆ. ಗೊಂದಲ ಹುಟ್ಟುವುದು ಇಲ್ಲಿಯೇ ಇರಬಹುದು.

ಒಂದು ವಿಷಯವನ್ನು ಯಾರೂ ಕೇಳುವುದಿಲ್ಲ, ಆದರೆ ಬೆಂಗಳೂರಿನವರು ಕೇಳಲೇಬೇಕು. ಇದೇ ನಿಯಮ ನಮ್ಮ ಊರಿನ ತಂಡದ ಕೈ ಹಿಡಿದಿದೆ. 2018–19ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ ಎರಡೂ 34 ಅಂಕ ಗಳಿಸಿದವು. ಗೋಲು ವ್ಯತ್ಯಾಸದಲ್ಲಿ ಗೋವಾ ಬಹಳ ಮುಂದಿತ್ತು. ಆದರೆ ಬೆಂಗಳೂರು ಗೋವಾವನ್ನು ಅಲ್ಲಿಯೂ ಸೋಲಿಸಿತ್ತು, ಕಂಠೀರವದಲ್ಲಿಯೂ ಸೋಲಿಸಿತ್ತು. ಹಾಗಾಗಿ ಲೀಗ್ ಹಂತದ ಅಗ್ರಸ್ಥಾನ ನಮ್ಮದಾಯಿತು. ಮುಂಬೈಯ ಫೈನಲ್‌ನಲ್ಲಿ ಅದೇ ಗೋವಾ ಎದುರು 117ನೇ ನಿಮಿಷದಲ್ಲಿ ರಾಹುಲ್ ಭೆಕೆ ಹೊಡೆದ ಹೆಡರ್‌ನಿಂದ ಟ್ರೋಫಿಯೂ ಬಂತು. ಆ ವರ್ಷ 16 ಗೋಲು ಹೊಡೆದು ಚಿನ್ನದ ಬೂಟು ಪಡೆದ ಗೋವಾದ ಫೆರಾನ್ ಕೊರೊಮಿನಾಸ್, 2007ರಲ್ಲಿ ತಮುದೋ ಆಡುತ್ತಿದ್ದ ಎಸ್ಪಾನ್ಯೋಲ್ ತಂಡದಲ್ಲೇ ಇದ್ದವರು.