ಕಿಣ್ವ ಪ್ರತಿಬಂಧಕ: ಪ್ರೋಟೀನಿನ ಕುಳಿಯಲ್ಲಿ ಕೂರುವ ಔಷಧಿ

ಚಿಂತಾಮಣಿಯ ಯಾವುದಾದರೂ ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಕೆಲವು ಹೆಸರುಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಬಿ.ಪಿ.ಗೆ ರಾಮಿಪ್ರಿಲ್, ಕೊಲೆಸ್ಟರಾಲ್‌ಗೆ ಅಟೊರ್ವಾಸ್ಟಾಟಿನ್, ಸಕ್ಕರೆ ಕಾಯಿಲೆಗೆ ವಿಲ್ಡಾಗ್ಲಿಪ್ಟಿನ್, ಎದೆಯುರಿಗೆ ಪ್ಯಾಂಟೊಪ್ರಜೋಲ್. ಕಾಯಿಲೆಗಳು ಬೇರೆ ಬೇರೆ, ಆದರೆ ಈ ನಾಲ್ಕೂ ಮಾತ್ರೆಗಳು ಒಂದೇ ಜಾತಿಯವು: ಕಿಣ್ವ ಪ್ರತಿಬಂಧಕಗಳು.

ಕಿಣ್ವ ಎಂದರೆ ದೇಹದ ರಾಸಾಯನಿಕ ಕ್ರಿಯೆಗಳನ್ನು ಚುರುಕಾಗಿ ನಡೆಸಿಕೊಡುವ ಪ್ರೋಟೀನ್. ಅಮೈನೊ ಆಮ್ಲಗಳ ಉದ್ದನೆಯ ಸರಪಳಿ ಮಡಿಸಿಕೊಂಡು ಒಂದು ನಿರ್ದಿಷ್ಟ ಆಕಾರ ತಾಳುತ್ತದೆ. ಅದರ ಮೈಯಲ್ಲಿ ಒಂದು ಕಡೆ ಸಣ್ಣ ಕುಳಿಯಿರುತ್ತದೆ. ಅಣುಗಳನ್ನು ಕತ್ತರಿಸುವುದು, ಜೋಡಿಸುವುದು ಎಲ್ಲವೂ ಅಲ್ಲಿಯೇ. ಆ ಕುಳಿಗೆ ಸಕ್ರಿಯ ತಾಣ ಎಂದು ಹೆಸರು. ಅಲ್ಲಿ ತಾನೇ ಕುಳಿತು, ಇಲ್ಲವೇ ಬೇರೆಲ್ಲೋ ಅಂಟಿಕೊಂಡು ಕುಳಿಯ ಆಕಾರವನ್ನು ಕೆಡಿಸಿ, ಕಿಣ್ವದ ಕೆಲಸವನ್ನು ತಡೆಯುವ ಅಣುವೇ ಪ್ರತಿಬಂಧಕ. ಕಿಣ್ವದ ಆಕಾರವನ್ನು ಬಿಟ್ಟು ಇದನ್ನು ವಿವರಿಸಲು ಹೊರಟರೆ ಏನೂ ತಿಳಿಯುವುದಿಲ್ಲ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ: ಅವರೆ. ಅವರೆ, ಹುರುಳಿ, ಸೋಯಾಗಳಂಥ ಕಾಳುಗಳಲ್ಲಿ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವ ಪುಟ್ಟ ಪ್ರೋಟೀನುಗಳಿವೆ. ಮೇದೋಜೀರಕ ಗ್ರಂಥಿಯಿಂದ ಸಣ್ಣ ಕರುಳಿಗೆ ಬಂದು, ನಾವು ತಿಂದ ಪ್ರೋಟೀನನ್ನು ತುಂಡರಿಸುವುದು ಟ್ರಿಪ್ಸಿನ್‌ನ ಕೆಲಸ. ಅದರ ಕುಳಿಯ ತಳದಲ್ಲಿ ಋಣ ವಿದ್ಯುದಂಶವಿರುವ ಆಸ್ಪಾರ್ಟಿಕ್ ಆಮ್ಲ ಕಾದಿರುತ್ತದೆ. ಹಾಗಾಗಿ ಧನ ವಿದ್ಯುದಂಶ ಹೊತ್ತ ಲೈಸಿನ್ ಅಥವಾ ಆರ್ಜಿನಿನ್ ಎಂಬ ಅಮೈನೊ ಆಮ್ಲ ಬಂದಾಗ ಅದನ್ನು ಒಳಗೆಳೆದುಕೊಂಡು, ಅದರ ಪಕ್ಕದಲ್ಲೇ ಸರಪಳಿಯನ್ನು ಕತ್ತರಿಸುತ್ತದೆ. ಕಾಳಿನ ಪ್ರತಿಬಂಧಕ ಬಳಸಿಕೊಳ್ಳುವುದೂ ಇದನ್ನೇ: ತನ್ನದೊಂದು ಲೈಸಿನ್ನನ್ನು ಕುಳಿಯೊಳಗೆ ಇಡುತ್ತದೆ. ಆದರೆ ಆ ಭಾಗ ಗಂಧಕದ ಬಂಧಗಳಿಂದ ಎಷ್ಟು ಬಿಗಿಯಾಗಿದೆಯೆಂದರೆ, ಕತ್ತರಿಸುವುದು ತೀರಾ ನಿಧಾನವಾಗುತ್ತದೆ. ಕತ್ತರಿಸಿದ ತುದಿಗಳೂ ಸರಿದುಹೋಗದೆ ಅಲ್ಲೇ ಇದ್ದು ಮತ್ತೆ ಕೂಡಿಕೊಳ್ಳುತ್ತವೆ. ಕಿಣ್ವ ಹಿಡಿದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಉಳಿಯುತ್ತದೆ. ಗಿಡಕ್ಕೆ ಇದು ಹುಳುಗಳ ವಿರುದ್ಧದ ರಕ್ಷಣೆ. ನಾವು ಹಿದುಕಿದ ಬೇಳೆಯನ್ನು ಚೆನ್ನಾಗಿ ಬೇಯಿಸಿ ಉಣ್ಣುತ್ತೇವೆ. ಬಿಸಿಗೆ ಆ ಪ್ರೋಟೀನುಗಳ ಮಡಿಕೆ ಬಿಚ್ಚಿ, ತಡೆಯುವ ಶಕ್ತಿ ಬಹುಮಟ್ಟಿಗೆ ಹೋಗುತ್ತದೆ.

ಎಲ್ಲ ಪ್ರತಿಬಂಧಕಗಳೂ ಹೀಗೆ ಬರೀ ಸಿಕ್ಕಿಕೊಂಡು ಕೂರುವಂಥವಲ್ಲ. ಟೊಮೆಟೊಗೆ ಹೊಡೆಯುವ ಕೀಟನಾಶಕಗಳಲ್ಲಿ ಆರ್ಗನೊಫಾಸ್ಫೇಟ್ ಗುಂಪಿನವು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕುಳಿಗೆ ಹೋಗಿ, ಅಲ್ಲಿನ ಸೆರೀನ್ ಎಂಬ ಅಮೈನೊ ಆಮ್ಲದ ಜೊತೆ ಗಟ್ಟಿ ರಾಸಾಯನಿಕ ಬಂಧವನ್ನೇ ಬೆಸೆದುಬಿಡುತ್ತವೆ. ನರದಿಂದ ಸ್ನಾಯುವಿಗೆ ಸಂದೇಶ ಮುಟ್ಟಿದ ಮೇಲೆ ಆ ಸಂದೇಶವನ್ನು ಅಳಿಸುವ ಕಿಣ್ವ ಇದು. ಇದು ನಿಂತರೆ ಜೊಲ್ಲು, ಬೆವರು ಸುರಿಯುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಸ್ನಾಯುಗಳು ಅದುರುತ್ತವೆ, ಕೊನೆಗೆ ಉಸಿರಾಟವೇ ಸೋಲುತ್ತದೆ. 1991ರಲ್ಲಿ ಈ ಕಿಣ್ವದ ರಚನೆ ತಿಳಿದಾಗ, ಸಕ್ರಿಯ ತಾಣ ಆಳವಾದ ಇಕ್ಕಟ್ಟಿನ ಕಮರಿಯೊಂದರ ತಳದಲ್ಲಿರುವುದು ಕಂಡಿತು. ಆಸ್ಪತ್ರೆಯಲ್ಲಿ ಅಟ್ರೊಪಿನ್ ಜೊತೆ ಕೊಡುವ ಪ್ರಾಲಿಡಾಕ್ಸಿಮ್ ಆ ಕಮರಿಗೆ ಇಳಿದು ವಿಷವನ್ನು ಸೆರೀನ್‌ನಿಂದ ಕಿತ್ತುಹಾಕಬಲ್ಲದು. ಆದರೆ ಹೊತ್ತು ಕಳೆದಂತೆ ಆ ಬಂಧ ಬಿಡಿಸಲಾಗದ ಸ್ಥಿತಿಗೆ ಬರುತ್ತದೆ. ಹೊಲಕ್ಕೆ ಕೀಟನಾಶಕ ಹೊಡೆದು ಬಂದವರಿಗೆ ಈ ಲಕ್ಷಣ ಕಂಡರೆ ಒಂದು ಗಳಿಗೆಯೂ ತಡಮಾಡದೆ, ಡಬ್ಬಿಯನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಓಡಬೇಕು. ಇಂಥ ವಿಷ ಚರ್ಮದಿಂದಲೂ ಒಳಗಿಳಿಯುತ್ತದೆ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು.

ಕುಳಿಯನ್ನು ನೋಡುವುದು ಹೇಗೆ? ಪ್ರೋಟೀನನ್ನು ಹರಳುಗಟ್ಟಿಸಿ, ಅದರ ಮೂಲಕ ಎಕ್ಸ್-ಕಿರಣ ಹಾಯಿಸಿ, ಕಿರಣಗಳು ಚದುರಿದ ಬಗೆಯಿಂದ ಪರಮಾಣುಗಳ ಜಾಗವನ್ನು ಲೆಕ್ಕ ಹಾಕುತ್ತಾರೆ. ಹೀಗೆ ಮೊದಲು ಕಂಡ ಪ್ರೋಟೀನ್ ಮಯೋಗ್ಲೋಬಿನ್, 1958ರಲ್ಲಿ. ತಿಳಿದ ರಚನೆಗಳನ್ನೆಲ್ಲ 1971ರಿಂದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಸಂಗ್ರಹದಲ್ಲಿ ಇಡುತ್ತಾ ಬಂದಿದ್ದಾರೆ. ಈಗ ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಶಿಡ್ಲಘಟ್ಟದ ಪಿಯುಸಿ ವಿದ್ಯಾರ್ಥಿನಿಯೂ ಕಾಸು ಕೊಡದೆ ಮೊಬೈಲಿನಲ್ಲಿ ಟ್ರಿಪ್ಸಿನ್ನನ್ನು ತಿರುಗಿಸಿ ನೋಡಬಹುದು. ನಮ್ಮ ಅಧ್ಯಾಪಕರು ಇದನ್ನು ತರಗತಿಯಲ್ಲಿ ತೋರಿಸಬೇಕೆಂಬುದು ನನ್ನ ಬಹಳ ದಿನದ ಆಸೆ.

ಹೀಗೆ ನೋಡಿ ಔಷಧಿ ಕಟ್ಟುವ ದಾರಿಯನ್ನು ತೆರೆದವರು ಸ್ಕ್ವಿಬ್ ಕಂಪನಿಯ ಕುಷ್‌ಮನ್ ಮತ್ತು ಒಂಡೆಟ್ಟಿ. ರಕ್ತದೊತ್ತಡವನ್ನು ಏರಿಸುವ ಎಸಿಇ ಎಂಬ ಕಿಣ್ವವನ್ನು ಬ್ರೆಜಿಲ್‌ನ ಜರಾರಾಕಾ ಹಾವಿನ ವಿಷದ ಅಂಶವೊಂದು ತಡೆಯುತ್ತದೆ ಎಂಬುದು ತಿಳಿದಿತ್ತು. ಎಸಿಇಯ ರಚನೆ ಮಾತ್ರ ಆಗ ಗೊತ್ತಿರಲಿಲ್ಲ. ಅದರಂತೆಯೇ ಸತುವನ್ನು ಇಟ್ಟುಕೊಂಡು ಕೆಲಸ ಮಾಡುವ ಇನ್ನೊಂದು ಕಿಣ್ವದ ರಚನೆಯನ್ನು ಮುಂದಿಟ್ಟುಕೊಂಡು ಅವರು ಕುಳಿಯನ್ನು ಊಹಿಸಿದರು. ಸತುವನ್ನು ಹಿಡಿಯುವ ಜಾಗದಲ್ಲಿ ಗಂಧಕವಿರುವ ಗುಂಪನ್ನು ಇಟ್ಟಾಗ ಅಣುವಿನ ಬಲ ಸುಮಾರು ಸಾವಿರ ಪಟ್ಟು ಏರಿತು. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಆ ಔಷಧಿಯೇ ಕ್ಯಾಪ್ಟೊಪ್ರಿಲ್. ರಾಮಿಪ್ರಿಲ್ ಅದೇ ಮನೆತನದ್ದು. ಎಸಿಇ ಬ್ರಾಡಿಕೈನಿನ್ ಎಂಬ ಇನ್ನೊಂದು ಅಣುವನ್ನೂ ಒಡೆಯುವುದರಿಂದ, ಅದನ್ನು ತಡೆದಾಗ ಕೆಲವರಿಗೆ ಒಣಕೆಮ್ಮು ಬರುತ್ತದೆ. ಹಾಗಾದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು, ಬೇರೆ ಮಾತ್ರೆಗಳಿವೆ.

ಆಕಾರವನ್ನು ನೋಡುವ ಇದೇ ವಿದ್ಯೆ ರೋಗನಿರೋಧಕ ಶಕ್ತಿಯ ಗುಟ್ಟನ್ನೂ ಬಿಡಿಸಿತು. ವೈರಸ್ ಹೊಕ್ಕ ಜೀವಕೋಶ ಅದರ ಪ್ರೋಟೀನುಗಳನ್ನು ತನ್ನೊಳಗೆ ಚೂರು ಮಾಡಿ, ಚೂರುಗಳನ್ನು ಎಚ್‌ಎಲ್‌ಎ ಎಂಬ ಪ್ರೋಟೀನಿನ ಮೇಲಿಟ್ಟು ಹೊರಗೆ ತೋರಿಸುತ್ತದೆ. ದೇಹದ ಕಾವಲುಗಾರರಾದ ಟಿ ಕೋಶಗಳು ಅದನ್ನು ತಡವಿ ನೋಡಿ, ಪರಕೀಯವೆನಿಸಿದರೆ ಆ ಜೀವಕೋಶವನ್ನು ಕೊಲ್ಲುತ್ತವೆ. 1987ರಲ್ಲಿ ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ ಮತ್ತು ಸಂಗಡಿಗರು ಎಚ್‌ಎಲ್‌ಎ ರಚನೆಯನ್ನು ಪ್ರಕಟಿಸಿದಾಗ ಅದರ ನೆತ್ತಿಯಲ್ಲೊಂದು ಉದ್ದನೆಯ ತೋಡು ಕಾಣಿಸಿತು. ತೋಡು ಖಾಲಿಯಿರಲಿಲ್ಲ, ಯಾವುದೋ ಚೂರುಗಳು ಅಲ್ಲಿ ಸಿಕ್ಕಿಕೊಂಡೇ ಇದ್ದವು. ಎಂಟರಿಂದ ಹತ್ತು ಅಮೈನೊ ಆಮ್ಲಗಳ ಚೂರಿಗೆ ಹೇಳಿ ಮಾಡಿಸಿದ ಜಾಗ ಅದು. ತೋಡಿನ ಆಕಾರ ಜನರಿಂದ ಜನರಿಗೆ ಬದಲಾಗುತ್ತದೆ, ಆದ್ದರಿಂದ ಒಂದೇ ವೈರಸ್ಸಿನ ಯಾವ ಚೂರು ಯಾರಲ್ಲಿ ಕೂರುತ್ತದೆ ಎಂಬುದೂ ಬದಲಾಗುತ್ತದೆ.

ಔಷಧಿಯ ಕುಳಿಗೂ ಈ ತೋಡಿಗೂ ನಂಟು ಕಂಡದ್ದು ಅಬಕಾವಿರ್‌ನಲ್ಲಿ. ಎಚ್‌ಐವಿಯ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವವನ್ನು ತಡೆಯಲು ಕೊಡುವ ಈ ಮಾತ್ರೆ ಕೆಲವರಲ್ಲಿ ಜ್ವರ, ದದ್ದು, ಉಸಿರಾಟದ ತೊಂದರೆಯೊಂದಿಗೆ ಜೀವಕ್ಕೇ ಕುತ್ತು ತರುತ್ತಿತ್ತು. ಅಂಥವರಲ್ಲಿ ಎಚ್‌ಎಲ್‌ಎ-ಬಿ57:01 ಎಂಬ ಬಗೆ ಇರುವುದು ಮೊದಲೇ ತಿಳಿದಿತ್ತು. ಕಾರಣ ತಿಳಿದದ್ದು 2012ರಲ್ಲಿ, ಹರಳಿನ ರಚನೆಯಿಂದ. ಅಬಕಾವಿರ್ ಅಣು ಆ ತೋಡಿನ ತಳದಲ್ಲೇ ಹೋಗಿ ಕೂರುತ್ತದೆ. ತೋಡಿನ ಒಳ ಆಕಾರ ಬದಲಾಗಿ, ಎಂದೂ ಅಲ್ಲಿ ಕೂರದ ನಮ್ಮದೇ ದೇಹದ ಚೂರುಗಳು ಅಲ್ಲಿ ಕೂರತೊಡಗುತ್ತವೆ. ಟಿ ಕೋಶಗಳು ಅವನ್ನು ಪರಕೀಯವೆಂದು ಬಗೆದು ಎರಗುತ್ತವೆ. ಆದ್ದರಿಂದಲೇ ಅಬಕಾವಿರ್ ಕೊಡುವ ಮೊದಲು ಈ ಬಗೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬೇಕು. ಇದ್ದರೆ ಆ ಮಾತ್ರೆಯನ್ನು ಕೊಡುವಂತಿಲ್ಲ.