ಕಿಂದರಿಜೋಗಿ ಅನುವಾದವೇ, ಕುವೆಂಪು ಅವರ ಸ್ವಂತ ಪದ್ಯವೇ?

ಪ್ರಶ್ನೆ: ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇಂಗ್ಲಿಷ್ ಪದ್ಯವೊಂದರ ಅನುವಾದ ಎನ್ನುತ್ತಾರೆ. ಹಾಗಿದ್ದರೆ ಅದನ್ನು ಕುವೆಂಪು ಅವರ ಸ್ವಂತ ಪದ್ಯವೆಂದು ಮಕ್ಕಳಿಗೆ ಹೇಳಿಕೊಡುವುದು ಸರಿಯೇ?

ಚಿಕ್ಕಮಗಳೂರು ಜಿಲ್ಲೆಯ ಶಿಕ್ಷಕರು, ಅದರಲ್ಲೂ ಕೊಪ್ಪ, ಶೃಂಗೇರಿ ಕಡೆಯವರು, ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಕವಿ ನಮ್ಮವರೆಂಬ ಅಭಿಮಾನವಿರುವಲ್ಲಿ ಇಂಥ ಮಾತು ಸ್ವಲ್ಪ ನೋಯಿಸುವುದು ಸಹಜ.

ಕಥೆಯ ಎಳೆ ಹೊರಗಿನಿಂದ ಬಂದದ್ದು ನಿಜ. ಅದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ರಾಬರ್ಟ್ ಬ್ರೌನಿಂಗ್ ಎಂಬ ಕವಿ, ನಟನೊಬ್ಬನ ಕಾಯಿಲೆ ಬಿದ್ದಿದ್ದ ಮಗನಿಗಾಗಿ ಬರೆದು 1842ರಲ್ಲಿ ಪ್ರಕಟಿಸಿದ ಪದ್ಯ ಇದಕ್ಕೆ ಆಧಾರ. ಆದರೆ ಬ್ರೌನಿಂಗ್ ಕೂಡ ಕಥೆಯನ್ನು ಹುಟ್ಟಿಸಿದವನಲ್ಲ. ಜರ್ಮನಿಯ ಹ್ಯಾಮೆಲಿನ್ ಪಟ್ಟಣದಿಂದ 1284ರಲ್ಲಿ 130 ಮಕ್ಕಳು ಕೊಳಲೂದುವವನೊಬ್ಬನ ಹಿಂದೆ ಹೋಗಿ ಕಣ್ಮರೆಯಾದರೆಂಬುದು ಅಲ್ಲಿನ ಐತಿಹ್ಯ. ಅದರ ಹಳೆಯ ರೂಪಗಳಲ್ಲಿ ಇಲಿಗಳ ಸುದ್ದಿಯೇ ಇಲ್ಲ. ಇಲಿಗಳು ಕಥೆಯೊಳಗೆ ಹೊಕ್ಕಿದ್ದು 16ನೆಯ ಶತಮಾನದಲ್ಲಿ. ಹೀಗೆ ಹೇಳಿದವರೆಲ್ಲ ತಮ್ಮದೊಂದಿಷ್ಟನ್ನು ಕೂಡಿಸುತ್ತ ಬಂದ ಕಥೆ, 1920ರ ದಶಕದಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಮಲೆನಾಡಿನ ತರುಣನ ಕೈಗೆ ಬಂತು.

ಆ ತರುಣ ಮಾಡಿದ್ದೇನು? ಹ್ಯಾಮೆಲಿನ್ ಪಕ್ಕದ ವೇಸರ್ ನದಿ ಇಲ್ಲಿ ತುಂಗೆಯಾಯಿತು. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿಯ ಮೆಟ್ಟಿಲು ಮುಟ್ಟಿ, ಕೊಪ್ಪ ತಾಲ್ಲೂಕನ್ನು ಹಾದು ಕವಿಯ ಬಾಲ್ಯದ ತೀರ್ಥಹಳ್ಳಿ ಸೀಮೆಗೆ ಇಳಿಯುವ ಹೊಳೆಯದು. ನಗರಾಧ್ಯಕ್ಷನ ಜಾಗಕ್ಕೆ ಊರಗೌಡ ಬಂದ. ಇದಕ್ಕಿಂತ ದೊಡ್ಡ ಬದಲಾವಣೆ ಕೊಳಲಿನದು. ಕೊಳಲಿದ್ದ ಕಡೆ ಕುವೆಂಪು ಕಿಂದರಿಯನ್ನು ಇಟ್ಟರು. ಕಿಂದರಿಯೆಂದರೆ ಕಿನ್ನರಿ, ಸೋರೆಬುರುಡೆ ಕಟ್ಟಿದ ತಂತಿವಾದ್ಯ; ಅದನ್ನು ನುಡಿಸುತ್ತ ಊರೂರು ತಿರುಗಿ ಕಥೆ ಹಾಡುವ ಕಿನ್ನರಿ ಜೋಗಿಗಳು ನಮ್ಮ ನಾಡಿನವರೇ. ಕೊಳಲೂದುವವನ ಬಾಯಿ ಕೊಳಲಿಗೆ ಮೀಸಲು, ಕಿಂದರಿ ಮೀಟುವವನ ಬಾಯಿ ಬಿಡುವಾಗಿರುತ್ತದೆ; ಅವನು ನುಡಿಸುತ್ತಲೇ ಹಾಡಬಲ್ಲ, ಕಥೆ ಹೇಳಬಲ್ಲ. ಈ ಒಂದು ಆಯ್ಕೆಯಿಂದಲೇ, ಎಲ್ಲಿಂದಲೋ ಬಂದ ಅಪರಿಚಿತ ಮಾಂತ್ರಿಕ ನಮ್ಮ ಜಗುಲಿಯ ಮುಂದೆ ಬಂದು ನಿಲ್ಲುವ, ಮಕ್ಕಳು ಕಂಬದ ಮರೆಯಿಂದ ಅರ್ಧ ಭಯದಲ್ಲಿ, ಅರ್ಧ ಆಸೆಯಲ್ಲಿ ಇಣುಕಿ ನೋಡುವ ಜೋಗಿಯಾದನೆಂದು ನನಗೆ ಅನ್ನಿಸುತ್ತದೆ.

ಇನ್ನು ಇಲಿಗಳ ಮೆರವಣಿಗೆ. ಬ್ರೌನಿಂಗ್ ಪದ್ಯದಲ್ಲೂ ಇಲಿಗಳ ಉದ್ದನೆಯ ಪಟ್ಟಿಯಿದೆ. ದೊಡ್ಡ ಇಲಿ, ಸಣ್ಣ ಇಲಿ ಎಂದು ಅಲ್ಲಿ ‘ಇಲಿ’ ಎಂಬ ಮಾತು ಪ್ರತಿ ಸಲವೂ ಬೇರೆಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಅಣ್ಣಿಲಿ, ತಮ್ಮಿಲಿ, ಅವ್ವಿಲಿ, ಅಪ್ಪಿಲಿ! ವ್ಯಾಕರಣ ಪುಸ್ತಕದ ಲೋಪಸಂಧಿ ಇಲ್ಲಿ ಕಾಲು ಮೂಡಿ ಓಡುತ್ತದೆ. ಅಣ್ಣನ ಕೊನೆಯ ಅಕಾರ ಬಿದ್ದುಹೋಗಿ ಇಲಿ ಅವನ ಬೆನ್ನಿಗೇ ಅಂಟಿಕೊಳ್ಳುವುದರಿಂದ ಸಾಲಿನಲ್ಲಿ ಉಸಿರು ನಿಲ್ಲಿಸಲು ಎಡೆಯೇ ಇಲ್ಲ. ನಾಲಿಗೆ ತಾನಾಗಿ ಓಟಕ್ಕೆ ಬೀಳುತ್ತದೆ. ಇದು ಯಾವ ಮೂಲದಿಂದಲೂ ಅನುವಾದವಾಗಿ ಬರುವಂಥದ್ದಲ್ಲ. ಹೀಗಾಗಿ ಇದನ್ನು ಅನುವಾದವೆನ್ನುವುದು ತಪ್ಪು. ರೂಪಾಂತರ ಎನ್ನಿ, ಅದೇ ಸರಿಯಾದ ಮಾತು. ಕಥೆ ಎರವಲು, ಪದ್ಯ ಕುವೆಂಪು ಅವರದೇ.

ಮಕ್ಕಳಿಗೆ ಇದನ್ನು ವಿವರಿಸಿ ಹೇಳುವುದಕ್ಕಿಂತ ಬಾಯಲ್ಲಿ ಹೇಳಿಸುವುದು ಒಳ್ಳೆಯದು. ಕೊಪ್ಪ ಸಮೀಪದ ಒಂದು ಪುಟ್ಟ ಶಾಲೆಯಲ್ಲಿ, ಹೊರಗೆ ಮಳೆ ಹೊಯ್ಯುತ್ತಿದ್ದ ಮಧ್ಯಾಹ್ನ, ನಾನು ಆ ಸಾಲುಗಳನ್ನು ಹೇಳಿ ನಿಲ್ಲಿಸಿ, ನಿಮ್ಮ ಮನೆಯವರನ್ನೂ ಸೇರಿಸಿ ಎಂದೆ. ಚಿಕ್ಕಪ್ಪಿಲಿ ಬಂತು, ದೊಡ್ಡಪ್ಪಿಲಿ ಬಂತು, ಹಿಂದಿನ ಬೆಂಚಿನಿಂದ ಮೇಷ್ಟ್ರಿಲಿಯೂ ಬಂತು. ಒಬ್ಬ ಹುಡುಗಿ ‘ಅತ್ತೆ’ ಎಂದವಳು ಅಲ್ಲೇ ತಡೆದು ನಿಂತಳು. ಅತ್ತಿಲಿಯೋ, ಅತ್ತೆಯಿಲಿಯೋ? ತರಗತಿ ಎರಡು ಪಕ್ಷವಾಯಿತು. ಗಂಟೆ ಬಾರಿಸಿದರೂ ಒಬ್ಬರೂ ಏಳಲಿಲ್ಲ.